ಎರಡು ಕಡೆ ಎರಡು ಪವರ್ ಬಂದಿದೆ. ಯಾವುದನ್ನು ನಂಬಿ ಲೆನ್ಸ್ ಹಾಕಿಸಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಕನ್ನಡಕಕ್ಕೆ ಕಣ್ಣು ತೋರಿಸಿದಾಗ ಒಂದು ಕಡೆ ಎರಡೂ ಕಣ್ಣಿಗೆ ಮೈನಸ್ 4.50 ಅಂದರು, ಇನ್ನೊಂದು ಕಡೆ ಮೈನಸ್ 5.00. ಸಿಲಿಂಡರ್ ಪವರ್ (ಒಂದೊಂದು ದಿಕ್ಕಿಗೆ ಬೇರೆ ಬೇರೆ ಪವರ್ ಬೇಕಾದ ಕಣ್ಣಿಗೆ ಕೊಡುವುದು) ಕೂಡ ಸ್ವಲ್ಪ ಬೇರೆ ಬಂದಿದೆ. ದಿನವಿಡೀ ಕಂಪ್ಯೂಟರ್ ಕೆಲಸ. ಅಂಗಡಿಯವರು ಎಲ್ಲಕ್ಕಿಂತ ತೆಳುವಾದ 1.74 ಇಂಡೆಕ್ಸಿನ (ಲೆನ್ಸಿನ ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಂಕಿ) ಲೆನ್ಸ್, ಜೊತೆಗೆ ನೀಲಿ ಬೆಳಕು ತಡೆಯುವ ಬ್ಲೂ ಕಟ್ ಹಾಕಿಸಿಕೊಳ್ಳಿ ಎನ್ನುತ್ತಿದ್ದಾರೆ.

ಲೆನ್ಸ್ ವಿಷಯ ಸ್ವಲ್ಪ ಪಕ್ಕಕ್ಕಿಡಿ. ಮೊದಲು ಇನ್ನೊಂದು ಸಲ ಕಣ್ಣು ಪರೀಕ್ಷೆ ಮಾಡಿಸಿ. ಕನ್ನಡಕದ ಪವರ್ ಏರುವುದು ಇಳಿಯುವುದು 0.25ರ ಮೆಟ್ಟಿಲಲ್ಲಿ. ಒಂದು ಮೆಟ್ಟಿಲಿನ ವ್ಯತ್ಯಾಸ ಒಂದೇ ದಿನ ಎರಡು ಸಲ ನೋಡಿದರೂ ಬರಬಹುದು, ಅದಕ್ಕೆ ಚಿಂತೆ ಬೇಡ. ನಿಮಗೆ ಬಂದಿರುವುದು ಎರಡು ಮೆಟ್ಟಿಲು, ಅದೂ ಎರಡೂ ಕಣ್ಣಿಗೆ. ಅದನ್ನು ಹಾಗೇ ಬಿಡಬಾರದು.

ನನಗೂ ಒಮ್ಮೆ ಹೀಗೇ ಆಗಿತ್ತು. ಗದ್ದ ಇಟ್ಟು ಒಳಗೆ ನೋಡಿದರೆ ದೂರದಲ್ಲಿ ಬಣ್ಣದ ಬಲೂನು ಕಾಣುವ ಮೆಷಿನ್ ಇರುತ್ತದಲ್ಲ, ಅದರಿಂದ ಬಂದ ಅಂಕಿಯನ್ನೇ ಹೆಚ್ಚು ಕಡಿಮೆ ಚೀಟಿಗೆ ಇಳಿಸಿಬಿಟ್ಟಿದ್ದರು. ಐದು ನಿಮಿಷದಲ್ಲಿ ಕೆಲಸ ಮುಗಿದಿತ್ತು. ಹೊಸ ಕನ್ನಡಕದಲ್ಲಿ ಅಕ್ಷರಗಳು ಕಪ್ಪಗೆ, ಚೂಪಾಗಿ ಕಾಣುತ್ತಿದ್ದವು. ನನಗೆ ಬಹಳ ಖುಷಿಯಾಗಿತ್ತು. ಆದರೆ ದಿನಾ ಮಧ್ಯಾಹ್ನದ ಹೊತ್ತಿಗೆ ಹುಬ್ಬಿನ ಮೇಲೆ ನೋವು. ಸುಮಾರು ಒಂದು ವರ್ಷ ಅದನ್ನು ಕೆಲಸದ ಒತ್ತಡ ಅಂದುಕೊಂಡೇ ಕಳೆದೆ. ಆಮೇಲೆ ಬೇರೆ ಕಡೆ ತಾಳ್ಮೆಯಿಂದ ನೋಡಿದಾಗ ಗೊತ್ತಾಯಿತು, ಮೈನಸ್ 5.00 ಇರಬೇಕಾದ ಕಣ್ಣಿಗೆ ನಾನು ಮೈನಸ್ 5.75 ಹಾಕಿಕೊಂಡು ಓಡಾಡುತ್ತಿದ್ದೆ.

ಕಾರಣ ಸರಳ. ಹತ್ತಿರದ್ದನ್ನು ನೋಡುವಾಗ ಕಣ್ಣಿನ ಒಳಗಿನ ಮಸೂರ ಉಬ್ಬುತ್ತದೆ. ವಯಸ್ಸು ಚಿಕ್ಕದಿದ್ದಷ್ಟೂ ಅದು ಚೆನ್ನಾಗಿ ಉಬ್ಬುತ್ತದೆ. ಮೈನಸ್ ಜಾಸ್ತಿ ಕೊಟ್ಟರೆ ಕಣ್ಣು ಹಾಗೇ ಉಬ್ಬಿಸಿಕೊಂಡು ಸರಿದೂಗಿಸುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ದುಡಿಯುವುದು ಮಾತ್ರ ಒಳಗಿನ ಸಣ್ಣ ಸ್ನಾಯು, ಬೆಳಗಿನಿಂದ ಸಂಜೆವರೆಗೆ. ಮೆಷಿನ್ ಒಳಗೆ ಬಗ್ಗಿ ನೋಡುವಾಗಲೂ ಕೆಲವರ ಕಣ್ಣು ಹೀಗೇ ಬಿಗಿಯಾಗುತ್ತದೆ. ಅದಕ್ಕೇ ಆ ಅಂಕಿಯಿಂದ ಪರೀಕ್ಷೆ ಶುರುವಾಗಬೇಕು, ಅದರಲ್ಲೇ ಮುಗಿಯಬಾರದು. ಮಕ್ಕಳಿಗಂತೂ ಹನಿ ಹಾಕಿ, ಆ ಸ್ನಾಯುವನ್ನು ಸಡಿಲ ಮಾಡಿಯೇ ನೋಡುತ್ತಾರೆ.

ಒಳ್ಳೆಯ ಪರೀಕ್ಷೆ ಹೇಗಿರುತ್ತದೆ ಅಂತ ಹೇಳುತ್ತೇನೆ, ನೀವೇ ಹೋಲಿಸಿ ನೋಡಿ. ಮೊದಲು ಪ್ಲಸ್ ಲೆನ್ಸ್ ಹಾಕಿ ಬೇಕಂತಲೇ ಮಸುಕು ಮಾಡುತ್ತಾರೆ, ಕಣ್ಣು ಸಡಿಲವಾಗಲಿ ಎಂದು. ಅಲ್ಲಿಂದ ಒಂದೊಂದೇ ಮೆಟ್ಟಿಲು ಮೈನಸ್ ಕಡೆ ಬರುತ್ತಾರೆ. ಆಮೇಲೆ ಒಂದು ಸಣ್ಣ ಲೆನ್ಸನ್ನು ತಿರುಗಿಸಿ ತಿರುಗಿಸಿ "ಒಂದನೇದು ಚೆನ್ನಾಗಿದೆಯಾ, ಎರಡನೇದಾ?" ಅಂತ ಕೇಳುತ್ತಾರೆ. ಅದು ಸಿಲಿಂಡರ್ ಪವರ್ ಮತ್ತು ಅದರ ಆಕ್ಸಿಸ್ (ಅದು ಯಾವ ಕೋನದಲ್ಲಿ ಕೂರಬೇಕು ಎನ್ನುವುದು) ಹುಡುಕುವ ಹಂತ. ಎರಡೂ ಒಂದೇ ಥರ ಕಂಡರೆ ಹಾಗೇ ಹೇಳಿ. ಅದು ತಪ್ಪು ಉತ್ತರ ಅಲ್ಲ, ಅವರು ಹುಡುಕುತ್ತಿರುವುದೇ ಆ ಜಾಗವನ್ನು. ನಾನು ಬಹಳ ವರ್ಷ ಸುಮ್ನೆ ಏನೋ ಒಂದು ಹೇಳಿಬಿಡುತ್ತಿದ್ದೆ, ಪರೀಕ್ಷೆಯಲ್ಲಿ ಫೇಲ್ ಆಗುವ ಹುಡುಗನ ಹಾಗೆ ಹೆದರಿ.

ಕೊನೆಗೆ ಕೆಂಪು ಹಸಿರು ಹಿನ್ನೆಲೆಯ ಅಕ್ಷರಗಳನ್ನು ತೋರಿಸುತ್ತಾರೆ. ಹಸಿರಿನ ಮೇಲಿನ ಅಕ್ಷರ ಹೆಚ್ಚು ಸ್ಪಷ್ಟವಾಗಿದ್ದರೆ ಮೈನಸ್ ಜಾಸ್ತಿಯಾಗಿದೆ ಎಂಬ ಸೂಚನೆ. ಇನ್ನೊಂದು ಮಾತು ನೆನಪಿಡಿ: ಪವರ್ ಏರಿಸಿದಾಗ ಅಕ್ಷರ ನಿಜಕ್ಕೂ ಸ್ಪಷ್ಟವಾಯಿತಾ, ಅಥವಾ ಚಿಕ್ಕದಾಗಿ ಕಪ್ಪಾಯಿತಾ? ಚಿಕ್ಕದಾಗಿ ಕಪ್ಪಾಗಿದ್ದರೆ "ಇಷ್ಟು ಬೇಡ ಅನಿಸುತ್ತೆ" ಎಂದು ಬಾಯಿಬಿಟ್ಟು ಹೇಳಿ. ಮುಗಿಸುವ ಮೊದಲು ಆ ಪವರನ್ನು ಟ್ರಯಲ್ ಫ್ರೇಮಿಗೆ ಹಾಕಿ ಕೊಡಲು ಕೇಳಿ. ಎದ್ದು ನಾಲ್ಕು ಹೆಜ್ಜೆ ನಡೆಯಿರಿ, ಕಿಟಕಿಯಿಂದ ಆಚೆ ನೋಡಿ, ಫೋನ್ ಓದಿ.

ಪರೀಕ್ಷೆಗೆ ಬೆಳಗ್ಗೆ ಹೋಗಿ. ಎಂಟು ಗಂಟೆ ಕಂಪ್ಯೂಟರ್ ನೋಡಿ ದಣಿದ ಕಣ್ಣು ಬೇಡ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಾದರೆ ಎಷ್ಟು ದಿನ ಮೊದಲು ತೆಗೆದಿಡಬೇಕು ಅಂತ ಫೋನ್ ಮಾಡಿ ಕೇಳಿ, ಗಟ್ಟಿ ಲೆನ್ಸಿಗೆ ಜಾಸ್ತಿ ದಿನ ಬೇಕಾಗುತ್ತದೆ. ಸಕ್ಕರೆ ಕಾಯಿಲೆ ಇದ್ದು ಸಕ್ಕರೆ ಏರಿಳಿಯುತ್ತಿದ್ದರೆ ಪವರ್ ಕೂಡ ಏರಿಳಿಯುತ್ತದೆ, ಅದು ಹತೋಟಿಗೆ ಬರುವವರೆಗೆ ಕಾಯುವುದು ಒಳ್ಳೆಯದು. ಹಳೆಯ ಕನ್ನಡಕ ತಗೊಂಡು ಹೋಗಿ. ಕುರ್ಚಿಯಲ್ಲಿ ಕೂತು ಕಣ್ಣಿನಿಂದ ಪರದೆಗೆ ಎಷ್ಟು ದೂರ ಎಂದು ಟೇಪಿನಲ್ಲಿ ಅಳೆದು ಬರೆದುಕೊಳ್ಳಿ. ನಲವತ್ತು ದಾಟಿದವರಿಗೆ ಈ ಅಳತೆ ಇನ್ನೂ ಮುಖ್ಯ, ಚಾಳೀಸು ಶುರುವಾದ ಮೇಲೆ ಓದುವ ದೂರ ಬೇರೆ, ಪರದೆಯ ದೂರ ಬೇರೆ.

ಚೀಟಿಯಲ್ಲಿ ಪಿಡಿ ಬರೆಸಿಕೊಳ್ಳಿ. ಒಂದು ಕಣ್ಣಿನ ಪಾಪೆಯಿಂದ ಇನ್ನೊಂದು ಪಾಪೆಗೆ ಇರುವ ದೂರ ಅದು, ಮಿಲಿಮೀಟರಿನಲ್ಲಿ. ಇದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ ಅನ್ನುವುದು ನನ್ನ ದೊಡ್ಡ ಬೇಸರ. ಲೆನ್ಸಿನ ಸೆಂಟರ್ ಪಾಪೆಯ ಎದುರಿಗೇ ಬರಬೇಕು. ನಿಮ್ಮಂಥ ಮೈನಸ್ 5ರ ಲೆನ್ಸುಗಳಲ್ಲಿ ಎರಡು ಸೆಂಟರುಗಳ ದೂರ ಒಟ್ಟು 4 ಮಿಲಿಮೀಟರ್ ತಪ್ಪಿದರೆ 2 ಪ್ರಿಸಂ ಡಯಾಪ್ಟರ್ (ಬೆಳಕು ಪಕ್ಕಕ್ಕೆ ಬಾಗುವುದರ ಅಳತೆ) ಸೇರಿಕೊಳ್ಳುತ್ತದೆ. ಅಂದರೆ ಎರಡು ಕಣ್ಣಿನ ಚಿತ್ರಗಳನ್ನು ಒಂದು ಮಾಡಲು ಕಣ್ಣುಗಳು ಇಡೀ ದಿನ ಎಳೆದಾಡಬೇಕು. ಪವರ್ ಸರಿ ಇದ್ದರೂ ತಲೆನೋವು ಬರಲು ಅಷ್ಟು ಸಾಕು.

ಈಗ ಲೆನ್ಸ್ ಮಾತು. ತೆಳು ಬೇಕು ಅಂದರೆ ಮೊದಲು ನೋಡಬೇಕಾದದ್ದು ಫ್ರೇಮ್. ಕನ್ನಡಕದ ಕಡ್ಡಿಯ ಒಳಗೆ 50, 20 ಥರ ಎರಡು ಅಂಕಿ ಇರುತ್ತವೆ. ಲೆನ್ಸಿನ ಅಗಲ, ಮತ್ತು ಮೂಗಿನ ಮೇಲೆ ಎರಡು ಲೆನ್ಸಿನ ನಡುವಿನ ಅಂತರ. ಕೂಡಿದರೆ 70. ನಿಮ್ಮ ಪಿಡಿ 62 ಇದ್ದರೆ ಒಂದೊಂದು ಲೆನ್ಸನ್ನೂ 4 ಮಿಲಿಮೀಟರ್ ಒಳಕ್ಕೆ ಸರಿಸಬೇಕು, ಹೊರಗಿನ ಅಂಚು ದಪ್ಪ ಉಳಿಯುತ್ತದೆ. 46, 18ರ ಫ್ರೇಮ್ ತಗೊಂಡರೆ ಸರಿಸುವುದು ಬರೀ 1 ಮಿಲಿಮೀಟರ್. ಮೈನಸ್ ಲೆನ್ಸ್ ದಪ್ಪ ಆಗುವುದು ಅಂಚಿನಲ್ಲೇ ಅಲ್ವಾ, ಅಂಚು ಚಿಕ್ಕದಾದರೆ ದಪ್ಪವೂ ಹೋಯಿತು.

1.74 ನಿಮಗೆ ಬೇಕಾಗಿಲ್ಲ ಎಂದೇ ನನ್ನ ಅಭಿಪ್ರಾಯ. ಇಂಡೆಕ್ಸ್ ಏರಿದಂತೆ ಲೆನ್ಸ್ ತೆಳುವಾಗುತ್ತದೆ ನಿಜ, ಆದರೆ ಬೆಳಕನ್ನು ಬಣ್ಣಗಳಾಗಿ ಒಡೆಯುವ ಗುಣವೂ ಸಾಮಾನ್ಯವಾಗಿ ಜಾಸ್ತಿಯಾಗುತ್ತದೆ. ಅದನ್ನು ಅಳೆಯುವುದು ಆಬೆ ಸಂಖ್ಯೆಯಲ್ಲಿ, ಹೆಚ್ಚಿದ್ದಷ್ಟೂ ಒಳ್ಳೆಯದು. ಮಾಮೂಲಿ 1.50 ಪ್ಲಾಸ್ಟಿಕ್ಕಿಗೆ ಅದು ಸುಮಾರು 58. 1.60ಕ್ಕೆ 41ರ ಆಸುಪಾಸು. 1.67 ಮತ್ತು 1.74ಕ್ಕೆ 32, 33. ಪಾಲಿಕಾರ್ಬೊನೇಟಿಗೆ 30. ಸಂಖ್ಯೆ ಕಡಿಮೆ ಇರುವ ಲೆನ್ಸಿನ ಅಂಚಿನಿಂದ ನೋಡಿದರೆ ಕಪ್ಪು ಅಕ್ಷರದ ಪಕ್ಕ ನೀಲಿ, ಹಳದಿ ಗೆರೆ ಕಾಣಬಹುದು. ನಿಮ್ಮ ಪವರಿಗೆ ಚಿಕ್ಕ ಫ್ರೇಮಿನಲ್ಲಿ 1.60 ಸಾಕು. ಪಾಲಿಕಾರ್ಬೊನೇಟ್ ಏಟು ಬಿದ್ದರೂ ಸುಲಭಕ್ಕೆ ಒಡೆಯುವುದಿಲ್ಲ, ಮಕ್ಕಳಿಗೆ, ಆಟ ಆಡುವವರಿಗೆ ಅದೇ ಸರಿ.

ಹಣ ಉಳಿದರೆ ಆಂಟಿ ರಿಫ್ಲೆಕ್ಷನ್ ಕೋಟಿಂಗಿಗೆ ಹಾಕಿ. ಕೋಟಿಂಗ್ ಇಲ್ಲದ ಮಾಮೂಲಿ ಲೆನ್ಸ್ ಎರಡೂ ಮೈಯಿಂದ ಸೇರಿ ಸುಮಾರು 8 ಶೇಕಡಾ ಬೆಳಕನ್ನು ವಾಪಸ್ ಎಸೆಯುತ್ತದೆ, ಇಂಡೆಕ್ಸ್ ಏರಿದರೆ ಇನ್ನೂ ಜಾಸ್ತಿ. ರಾತ್ರಿ ಗಾಡಿ ಓಡಿಸುವಾಗ ವ್ಯತ್ಯಾಸ ಎದ್ದು ಕಾಣುತ್ತದೆ. ಬ್ಲೂ ಕಟ್ ಬಿಟ್ಟುಬಿಡಿ. ಅದರ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ವೈದ್ಯಕೀಯ ಪುರಾವೆಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆಯಲ್ಲಿ, ಸಾಮಾನ್ಯ ಲೆನ್ಸಿಗೆ ಹೋಲಿಸಿದರೆ ಕಂಪ್ಯೂಟರ್ ಕೆಲಸದ ಕಣ್ಣಿನ ಆಯಾಸ ಇದರಿಂದ ಕಡಿಮೆಯಾಗುವ ಲಕ್ಷಣ ಕಾಣಲಿಲ್ಲ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆ, ಕಣ್ಣು ಒಣಗುತ್ತದೆ. ಆಗಾಗ ಎದ್ದು ದೂರ ನೋಡುವುದಕ್ಕೆ ಯಾವ ಲೆನ್ಸೂ ಬೇಕಿಲ್ಲ.

ಕನ್ನಡಕ ಕೈಗೆ ಬಂದಾಗ ಅಲ್ಲೇ ಲೆನ್ಸೋಮೀಟರಿನಲ್ಲಿ ಇಟ್ಟು ಪವರ್, ಆಕ್ಸಿಸ್ ಚೀಟಿಗೆ ಹೊಂದುತ್ತದಾ ನೋಡಿ ಎಂದು ಕೇಳಿ. ಸೆಂಟರಿನಲ್ಲಿ ಪೆನ್ನಿನಿಂದ ಚುಕ್ಕೆ ಇಡಿಸಿ, ಹಾಕಿಕೊಂಡು ನೇರ ನೋಡಿ. ಚುಕ್ಕೆ ಪಾಪೆಯ ಎದುರಿಗೆ ಬರುತ್ತದಾ ಅಂತ ಎದುರಿಗಿದ್ದವರು ಹೇಳಲಿ. ಫ್ರೇಮ್ ಜಾರುತ್ತಿದ್ದರೆ ಆಗಲೇ ಬಿಗಿ ಮಾಡಿಸಿ, ಮೈನಸ್ ಲೆನ್ಸ್ ಕಣ್ಣಿನಿಂದ ದೂರ ಸರಿದರೆ ಪವರ್ ಕಡಿಮೆಯಾದ ಹಾಗೇ. ಸಿಲಿಂಡರ್ ಬದಲಾಗಿದ್ದರೆ ಮೊದಲ ಕೆಲವು ದಿನ ನೆಲ ಓರೆಯಾದಂತೆ ಅನಿಸಬಹುದು. ಎರಡು ವಾರ ಕಳೆದರೂ ತಲೆನೋವು ನಿಲ್ಲದಿದ್ದರೆ ಸಂಕೋಚ ಬಿಟ್ಟು ವಾಪಸ್ ಹೋಗಿ.

ಒಂದು ವೇಳೆ ಕಣ್ಣಲ್ಲಿ ಮಿಂಚಿದ ಹಾಗೆ, ದಿಢೀರನೆ ಕಪ್ಪು ಚುಕ್ಕೆಗಳು ಹೆಚ್ಚಾದ ಹಾಗೆ, ಪಕ್ಕದಿಂದ ಪರದೆ ಇಳಿದ ಹಾಗೆ ಕಂಡರೆ ಕನ್ನಡಕದ ಅಂಗಡಿಗೆ ಅಲ್ಲ, ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಮೈನಸ್ ಜಾಸ್ತಿ ಇರುವ ನಮ್ಮಂಥವರಿಗೆ ರೆಟಿನಾ ಕಳಚುವ ಅಪಾಯ ಉಳಿದವರಿಗಿಂತ ಹೆಚ್ಚು.

ಹೊಸ ಚೀಟಿ ಬಂದ ಮೇಲೆ ಪವರ್, ಪಿಡಿ, ಫ್ರೇಮಿನ ಅಂಕಿ ಮೂರನ್ನೂ ಇಲ್ಲಿ ಬರೆಯಿರಿ. ಲೆನ್ಸ್ ಎಷ್ಟು ಸರಿಸಬೇಕಾಗುತ್ತದೆ ಅಂತ ಲೆಕ್ಕ ಹಾಕಿ ಹೇಳುತ್ತೇನೆ.