ಎಡ್ಮಂಟನ್ ಮ್ಯಾನೇಜರ್‌ಗೆ ಬೈಯೋದು ಎಷ್ಟು ಸರಿ?

ಪ್ರಶ್ನೆ: ನಮ್ಮ ತಮ್ಮ ಕೆನಡಾದ ಎಡ್ಮಂಟನ್‌ನಾಗ ಇರ್ತಾನ್ರಿ, ಅವನಿಂದ ನಂಗೂ ಐಸ್ ಹಾಕಿ ಹುಚ್ಚು ಹಿಡದದ, ಅಲ್ಲಿ ಸಂಜಿ ಏಳರ ಮ್ಯಾಚ್ ಚಳಿಗಾಲದಾಗ ನಮಗ ಮುಂಜಾನಿ ಏಳೂವರಿಗೆ ಬರ್ತದ. ಅಲ್ಲಿನ ಟೀಮಿಗೆ ಆಟಗಾರರನ್ನ ಆರಿಸಿ ಕಾಂಟ್ರ್ಯಾಕ್ಟ್ ಮಾಡ್ತಿದ್ದ ಹಳೇ ಜನರಲ್ ಮ್ಯಾನೇಜರ್ ಪೀಟರ್ ಚಿಯರೆಲ್ಲಿ ಟೀಮ್ ಹಾಳ್ ಮಾಡ್ದ ಅಂತ ಇವತ್ತಿಗೂ ಬೈತಾನ. ಕಾಂಟ್ರ್ಯಾಕ್ಟ್ ಛಲೋ ಅದನೋ ಇಲ್ಲೋ ಹೆಂಗ ನೋಡ್ಬೇಕ್ರಿ?
– ಒಬ್ಬ ಓದುಗರು, ಕಲಬುರಗಿ

ಉತ್ತರ: ನಿಮ್ಮ ತಮ್ಮನ ಸಿಟ್ಟು ಅರ್ಧ ಖರೆ ಅದರಿ. ಅಮೆರಿಕ-ಕೆನಡಾದ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಾಗ 2005ರಿಂದ ಸ್ಯಾಲರಿ ಕ್ಯಾಪ್ ಅದ, ಅಂದ್ರ ಒಂದು ಟೀಮ್ ಆಟಗಾರರ ಸಂಬಳಕ್ಕ ವರ್ಷಕ್ಕ ಇಷ್ಟೇ ಖರ್ಚು ಮಾಡ್ಬೇಕು ಅನ್ನೋ ಮಿತಿ, ಮಾಲೀಕನ ಹತ್ರ ಎಷ್ಟೇ ರೊಕ್ಕ ಇದ್ರೂ ಆ ಮಿತಿ ದಾಟಂಗಿಲ್ಲ, ಹಂಗಾಗಿ ಒಬ್ಬನಿಗೆ ಹೆಚ್ಚು ಕೊಟ್ರ ಇನ್ನೊಬ್ಬನ ಪಾಲು ಕಡಿಮಿ ಆದಂಗೇ. 2016ರಾಗ ಆಟಗಾರ ಮಿಲಾನ್ ಲೂಚಿಚ್‌ಗೆ ಏಳು ವರ್ಷ, ವರ್ಷಕ್ಕ 60 ಲಕ್ಷ ಡಾಲರ್ ಕೊಟ್ರು, ಆಗ ಕ್ಯಾಪ್ 7.3 ಕೋಟಿ. ವಯಸ್ಸು 28, ಮೈಮ್ಯಾಲ ಬಿದ್ದು ಆಡೋ ಆಟ, ಅಂಥವರು ಮೂವತ್ತು ದಾಟಿದ್ರ ನಿಧಾನ ಆಗ್ತಾರ ಅನ್ನೋದು ಸಹಿ ಹಾಕೋ ದಿನಾನೇ ಗೊತ್ತಿದ್ದ ಮಾತು. ಒಂದು ವರ್ಷದ ತೊಗರಿ ರೇಟ್ ನೋಡಿ ಏಳು ವರ್ಷಕ್ಕ ಹೊಲದ ಲಾವಣಿ ಮಾತಾಡಿದಂಗ ಆಯ್ತು. ಲೂಚಿಚ್ ಹೊಡದದ್ದು 2017-18ರಾಗ 10 ಗೋಲು, ಮುಂದಿನ ವರ್ಷ ಬರೀ 6.

ಆದ್ರ ಅದೇ ಚಿಯರೆಲ್ಲಿ 2017ರಾಗ 21 ವರ್ಷದ ಲಿಯಾನ್ ಡ್ರೈಸೈಟಲ್‌ಗೆ ಎಂಟು ವರ್ಷ, ವರ್ಷಕ್ಕ 85 ಲಕ್ಷ ಡಾಲರ್ ಕೊಟ್ಟಾನ. ಆಗ ಭಾಳ ಮಂದಿ ದುಬಾರಿ ಅಂದ್ರು, ಹುಡುಗ 2020ರಾಗ ಲೀಗಿನ ಅತಿ ಮುಖ್ಯ ಆಟಗಾರನಿಗೆ ಕೊಡೋ ಹಾರ್ಟ್ ಟ್ರೋಫಿ ಗೆದ್ದ, ಕಾಂಟ್ರ್ಯಾಕ್ಟ್ ಮುಗಿಯೋದ್ರಾಗ ಕ್ಯಾಪ್ 8.8 ಕೋಟಿಗೆ ಏರಿತ್ತು, ಈಗ ಅವನ ಹೊಸ ಸಂಬಳ ವರ್ಷಕ್ಕ 1.4 ಕೋಟಿ. ಬೈಯೋರು ಇದನ್ನ ಲೆಕ್ಕಕ್ಕೇ ಹಿಡಿಯಂಗಿಲ್ಲ, ಅದಕ್ಕ ನನಗ ಬ್ಯಾಸರ.

ನನಗ ಖರೆ ಸಿಟ್ಟು ಬರೋದು 2019ರ ಜನವರಿ ಮ್ಯಾಲ. 21ನೇ ತಾರೀಖು ಗೋಲ್‌ಕೀಪರ್ ಮಿಕೊ ಕೊಸ್ಕಿನೆನ್‌ಗೆ ಇನ್ನೂ ಮೂರು ವರ್ಷ, ವರ್ಷಕ್ಕ 45 ಲಕ್ಷ ಅಂತ ಸಹಿ ಆಯ್ತು, ಎನ್‌ಎಚ್‌ಎಲ್‌ನಾಗ ಆಡಿದ್ದು 30 ಮ್ಯಾಚಿನ ಆಸುಪಾಸು, ಎರಡು ದಿನ ತುಂಬೋದ್ರಾಗ ಚಿಯರೆಲ್ಲಿ ಮನಿಗೆ! ಕುರ್ಚಿ ಅಲ್ಲಾಡಲಕತ್ತಿದ್ದವನ ಕೈಯಾಗ ಪೆನ್ನು ಬಿಟ್ಟವರು ಮ್ಯಾಲಿನವರು. ಅಂಥವ ಈ ಸೀಸನ್ ಉಳಿಸ್ಕೊಳ್ಳೋದೇ ನೋಡ್ತಾನ, ರೊಕ್ಕದ ಭಾರ ಮುಂದ ಬರೋವನ ತಲಿಮ್ಯಾಲ. ನಿಮ್ಮ ತಮ್ಮ ಮಾಲೀಕರಿಗೂ ಒಂದಿಷ್ಟು ಬೈಲಿ.

ಪ್ರಶ್ನೆ: ಕಾಂಟ್ರ್ಯಾಕ್ಟ್ ಬರೋಬರ್ ಮಾಡಿದ್ರ ಮ್ಯಾನೇಜರ್ ಕೆಲಸ ಉಳೀತದೇನ್ರಿ?
– ಒಬ್ಬ ವಿದ್ಯಾರ್ಥಿ, ಬೀದರ್

ಉತ್ತರ: ಗ್ಯಾರಂಟಿ ಇಲ್ಲಪ್ಪ. ಟೊರಾಂಟೊ ಟೀಮಿನ ಆಗಿನ ಜನರಲ್ ಮ್ಯಾನೇಜರ್ ಕೈಲ್ ಡೂಬಸ್ 2018 ಮತ್ತು 2019ರಾಗ ನಾಲ್ಕು ಫಾರ್ವರ್ಡ್‌ಗಳಿಗೆ, ಅಂದ್ರ ಮುಂದ ಆಡೋ ಆಟಗಾರರಿಗೆ, ಸಹಿ ಹಾಕ್ಸಿದ, ಎಲ್ಲಾ ಸೇರಿ ವರ್ಷಕ್ಕ 4 ಕೋಟಿ ಡಾಲರ್ ದಾಟ್ತು, ಕ್ಯಾಪ್ ಏರ್ತದ ಅನ್ನೋ ಲೆಕ್ಕ ಇತ್ತು, ಕೋವಿಡ್ ಬಂದು ಮೂರು ಸೀಸನ್ 8.15 ಕೋಟಿಗೇ ನಿಂತುಬಿಡ್ತು. 2023ರಾಗ ಟೀಮ್ 2004ರ ನಂತರ ಮೊದಲನೇ ಸಲ ಪ್ಲೇಆಫ್, ಅಂದ್ರ ಲೀಗ್ ಮ್ಯಾಚ್ ಮುಗಿದ ಮ್ಯಾಲಿನ ನಾಕೌಟ್ ಹಂತದಾಗ, ಒಂದು ಸೀರೀಸ್ ಗೆದ್ದಿತ್ತು, ಆದ್ರೂ ಅದೇ ಮೇ ತಿಂಗಳಾಗ ಅವನ್ನ ಬಿಟ್ರು, ಜೂನ್‌ನಾಗ ಪಿಟ್ಸ್‌ಬರ್ಗ್ ಇನ್ನೂ ದೊಡ್ಡ ಹುದ್ದೆ ಕೊಟ್ಟು ಕರ್ಕೊಂತು. ಕೋವಿಡ್ ಬರೋದು ಯಾಕ ತಿಳೀಲಿಲ್ಲ ಅಂತ ಅವನಿಗೆ ಬೈಯೋದು ಅನ್ಯಾಯ, ಆದ್ರ 27 ವರ್ಷದ ಜಾನ್ ಟವಾರೆಸ್‌ಗೆ ಏಳು ವರ್ಷ, ವರ್ಷಕ್ಕ 1.1 ಕೋಟಿ ಯಾಕ ಕೊಟ್ಟಿ ಅಂತ ಕೇಳೋ ಹಕ್ಕು ಟೊರಾಂಟೊ ಮಂದಿಗೆ ಅದ.