ಹಲ್ಲಿನ ಸಿಮೆಂಟು ಮತ್ತೆ ಕಿತ್ತು ಬರದ ಹಾಗೆ ಏನ್ ಮಾಡ್ಬೇಕು?

ಪ್ರಶ್ನೆ: ಡಾಕ್ಟ್ರೇ, ನಂಗೆ 41 ವರ್ಷ, ಶಿರಸಿ ಕಡೆಯವಳು. ಕೆಳಗಿನ ದವಡೆ ಹಲ್ಲು ಹುಳುಕಾಗಿ ಎರಡು ವರ್ಷದ ಹಿಂದೆ ಬಿಳಿ ಸಿಮೆಂಟು ತುಂಬಿಸ್ಕೊಂಡಿದ್ದೆ, ಹೋದ ತಿಂಗಳು ಕೋಡುಬಳೆ ಕಡಿಯುವಾಗ ಅದು ಕಿತ್ತು ಕೈಗೇ ಬಂತು. ಈಗ ಮತ್ತೆ ಹಾಕಿಸಿದೀನಿ. ಊಟ ಆದ್ಮೇಲೆ ಕವಳ, ಅಂದ್ರೆ ಎಲೆ ಅಡಿಕೆ, ಹಾಕೋ ಅಭ್ಯಾಸ ಇದೆ. ನಮ್ಮತ್ತೆ ಆ ಹಲ್ಲು ಕೀಳಿಸೇಬಿಡು ಅಂತಾರೆ. ಇದನ್ನಾದ್ರೂ ಉಳಿಸ್ಕೊಳ್ಳೋದು ಹೇಗೆ?

ಉತ್ತರ: ಕೀಳಿಸೋ ಮಾತು ಬೇಡಮ್ಮ, ದಯವಿಟ್ಟು. ಆ ಹಲ್ಲು ಹೋದ್ರೆ ಪಕ್ಕದ್ದು ಖಾಲಿ ಜಾಗಕ್ಕೆ ವಾಲುತ್ತೆ, ಮೇಲಿನದು ಕೆಳಗಿಳಿಯುತ್ತೆ, ಒಂದು ಹಲ್ಲಿನ ತೊಂದರೆ ಮೂರಕ್ಕಾಗುತ್ತೆ.

ಸಿಮೆಂಟೇ ಸರಿ ಇರ್ಲಿಲ್ಲ ಅಂತ ಎಲ್ರೂ ಅಂದ್ಕೊಳ್ತಾರೆ, ಆದ್ರೆ ಎಷ್ಟೋ ಸಲ ಸಿಮೆಂಟು ಗಟ್ಟಿಯಾಗೇ ಇರುತ್ತೆ, ಸುತ್ತ ಇರೋ ನಿಮ್ಮ ಹಲ್ಲೇ ಮತ್ತೆ ಹುಳುಕಾಗಿ, ಹಿಡ್ಕೊಳ್ಳೋಕೆ ಗೋಡೆ ಇಲ್ದೆ ಅದು ಕಳಚುತ್ತೆ. ಕಾಂಪೋಸಿಟ್ ಅನ್ನೋ ಬಿಳಿ ಸಿಮೆಂಟು ನೀಲಿ ಲೈಟಲ್ಲಿ ಗಟ್ಟಿಯಾಗುವಾಗ ಒಂಚೂರು ಕುಗ್ಗುತ್ತೆ, ಅದಕ್ಕೇ ನಾವು ಪದರ ಪದರವಾಗಿ ತುಂಬೋದು, ಆದ್ರೂ ಅಂಚಲ್ಲಿ ಕೂದಲೆಳೆಯಷ್ಟು ಸಂದಿ ಉಳಿಯಬಹುದು.

ಆ ಅಂಚು ಎರಡು ಹಲ್ಲಿನ ನಡುವೆ ಇದ್ರೆ ಬ್ರಷ್ ಅಲ್ಲಿಗೆ ಹೋಗಲ್ಲ. ರಾತ್ರಿ ಮಲಗೋ ಮುಂಚೆ ಫ್ಲಾಸ್ ದಾರ ನಿಧಾನಕ್ಕೆ ಇಳಿಸಿ, ಹಲ್ಲಿಗೆ ಒತ್ತಿ ಮೇಲೆ ಕೆಳಗೆ ಉಜ್ಜಿ, ತೆಗೆದ್ಮೇಲೆ ಬೆಳಕಿಗೆ ಹಿಡಿದು ನೋಡಿ. ದಿನಾ ಅದೇ ಜಾಗದಲ್ಲಿ ಎಳೆ ಬಿಚ್ಕೊಳ್ತಿದ್ರೆ, ಇಲ್ಲಾ ಕೆಟ್ಟ ವಾಸನೆ ಬರ್ತಿದ್ರೆ ಅಂಚು ಒರಟಾಗಿದೆ ಅಥವಾ ಒಳಗೆ ಹುಳುಕು ಶುರುವಾಗಿದೆ ಅನ್ನೋ ಅನುಮಾನ, ನೋವು ಬರ್ಲಿ ಅಂತ ಕಾಯದೆ ತೋರಿಸಿ. ಪಿನ್ನು, ಕಡ್ಡಿ ಹಾಕಿ ಕೆದಕೋದು ಖಂಡಿತ ಬೇಡ.

ಪೇಸ್ಟಲ್ಲಿ ಫ್ಲೋರೈಡ್ 1000 ಪಿಪಿಎಂ ಇದೆಯಾ ಅಂತ ನೋಡಿ ತಗೊಳ್ಳಿ, ಉಜ್ಜಿ ಉಗಿದ್ಮೇಲೆ ಬಾಯಿ ತುಂಬ ನೀರು ಹಾಕಿ ಮುಕ್ಕಳಿಸ್ಬೇಡಿ, ಫ್ಲೋರೈಡ್ ಎಲ್ಲಾ ತೊಳೆದುಹೋಗುತ್ತೆ.

ಕವಳದ ವಿಷ್ಯ. ಗಟ್ಟಿ ಅಡಿಕೆ ಹೋಳು ಕಡಿದಾಗ ದವಡೆಯ ಭಾರವೆಲ್ಲ ಒಂದೇ ಜಾಗಕ್ಕೆ ಬಿದ್ದು ಸಿಮೆಂಟು ಸೀಳೋದುಂಟು. ಅಡಿಕೆ ಬೆಳೆಯೋ ಸೀಮೆಯವರಿಗೆ ಈ ಮಾತು ಹೇಳೋಕೆ ನಂಗೂ ಕಷ್ಟ, ಆದ್ರೆ ತಂಬಾಕು ಹಾಕ್ದೇ ಇದ್ರೂ ಅಡಿಕೆಯಿಂದ ಬಾಯಿ ಕ್ಯಾನ್ಸರ್ ಬರುತ್ತಮ್ಮ, ಬಿಟ್ಬಿಡಿ.

ಇನ್ನೊಂದು, ಹೊಸದಾಗಿ ಹಾಕಿಸಿದೀರಲ್ಲ, ಬಾಯಿ ಮುಚ್ಚಿದಾಗ ಆ ಹಲ್ಲೇ ಮೊದಲು ತಗುಲಿದ ಹಾಗಾಗುತ್ತಾ? ಹಾಗಿದ್ರೆ ನಾಳೆನೇ ಹೋಗಿ ಹೇಳಿ. ಬಣ್ಣದ ಕಾಗದ ಕಚ್ಚಿಸಿ, ಗುರುತು ಬಿದ್ದ ಜಾಗ ತೇದುಕೊಡ್ತಾರೆ, ಐದು ನಿಮಿಷದ ಕೆಲಸ.