ನೂರು ವರ್ಷದ ಮನೆಗೆ ಗ್ಯಾಲರಿಯನ್ನು ಸ್ಥಳಾಂತರಿಸುವವರು ಮೊದಲು ಗೋಡೆಯನ್ನು ಮುಟ್ಟಿ ನೋಡಬೇಕು

"ಗೋಡೆಗಳು ಸ್ವಲ್ಪ ಮಂಕಾಗಿವೆ, ಪ್ಲಾಸ್ಟರ್ ಮಾಡಿಸಿ ಬಣ್ಣ ಹೊಡೆಸಿದರೆ ದಸರಾ ಹೊತ್ತಿಗೆ ಉದ್ಘಾಟನೆ ಮಾಡಬಹುದು" ಎಂದು, ಬೆಳೆದ ನಿಮ್ಮ ಗ್ಯಾಲರಿಗೆ ಹೊಸ ಜಾಗ ಹುಡುಕುತ್ತಿರುವ ನೀವು ನನಗೆ ಪತ್ರ ಬರೆದಿದ್ದೀರಿ. ಹೆಚ್ಚುಕಡಿಮೆ ಇದೇ ಮಾತನ್ನು ನಾನು 2016ರಲ್ಲಿ ನಮ್ಮ ಸಮಿತಿಯ ನಡಾವಳಿ ಪುಸ್ತಕದಲ್ಲಿ ಬರೆದಿದ್ದೇನೆ. ಆ ಪುಸ್ತಕ ಇನ್ನೂ ನನ್ನ ಬಳಿಯೇ ಇದೆ. ವಾಣಿಜ್ಯ ಸಂಕೀರ್ಣದ ಮೊದಲ ಮಹಡಿಗೆ ಹೋಗಬೇಕೋ, ಬಾಡಿಗೆಗೆ ಸಿಕ್ಕಿರುವ ಪಾರಂಪರಿಕ ಮನೆಗೆ ಹೋಗಬೇಕೋ ಎಂಬ ನಿಮ್ಮ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ನಮ್ಮದು ಮೈಸೂರು. 2009ರಲ್ಲಿ ಕುವೆಂಪುನಗರದ ಒಂದು ಮನೆಯ ಕಾರ್ ಶೆಡ್ಡಿನಲ್ಲಿ ಗ್ಯಾಲರಿ ಆರಂಭವಾಯಿತು. ಕಾರು ಇರಲಿಲ್ಲವಾದ್ದರಿಂದ ಶೆಡ್ಡು ಖಾಲಿಯಿತ್ತು, ಅಷ್ಟೇ. ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಚಿತ್ರಕಲೆಯ ತರಗತಿ, ತಿಂಗಳಿಗೊಂದು ಪುಟ್ಟ ಪ್ರದರ್ಶನ, ಬಂದವರಿಗೆ ಮನೆಯಿಂದಲೇ ಕಾಫಿ. ಏಳು ವರ್ಷಗಳಲ್ಲಿ ಮಕ್ಕಳ ಸಂಖ್ಯೆ ಹನ್ನೆರಡರಿಂದ ಎಪ್ಪತ್ತಕ್ಕೆ ಏರಿತು, ಮಂಚದಡಿ ಸೇರಿಸಿಟ್ಟ ಚಿತ್ರಗಳ ಕಟ್ಟುಗಳು ಅಟ್ಟ ಹತ್ತಿದವು. ಆ ಹೊತ್ತಿಗೆ ಚಾಮರಾಜಪುರಂನಲ್ಲಿ ಸದಸ್ಯರೊಬ್ಬರ ಬಂಧುಗಳ ಹಳೆಯ ಮನೆ ಕಡಿಮೆ ಬಾಡಿಗೆಗೆ ಸಿಗುವಂತಾಯಿತು. ಮುಂದೆ ಕಂಬದ ಜಗಲಿ, ಒಳಗೆ ಎತ್ತರದ ಹಜಾರ, ತೇಗದ ತೊಲೆಗಳ ಮೇಲೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದ ಕಟ್ಟಿದ ಮದ್ರಾಸ್ ತಾರಸಿ, ಹದಿನೆಂಟು ಇಂಚು ದಪ್ಪದ ಗೋಡೆಗಳು. ನೋಡಿದ ದಿನವೇ ನಾವೆಲ್ಲ ಮರುಳಾದೆವು. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯಲ್ಲಿ 1915ರಿಂದ ಚಿತ್ರಗಳಿವೆ, ಹಾಗಿರುವಾಗ ನಮಗೇನು ಅಡ್ಡಿ ಎಂದು ಸಭೆಯಲ್ಲಿ ಒಬ್ಬರು ಹೇಳಿದಾಗ ಯಾರೂ ಎದುರಾಡಲಿಲ್ಲ. ಅರಮನೆಯ ಗ್ಯಾಲರಿಗೆ ನೋಡಿಕೊಳ್ಳುವ ಸಿಬ್ಬಂದಿಯಿದ್ದಾರೆ, ನಮ್ಮಲ್ಲಿ ಇದ್ದದ್ದು ಇಬ್ಬರು ನಿವೃತ್ತ ಮೇಷ್ಟರು ಮತ್ತು ನಾನು ಎಂಬುದು ಆಗ ಹೊಳೆಯಲಿಲ್ಲ.

ಎಚ್ಚರಿಕೆಯೇ ಇರಲಿಲ್ಲ ಎಂದೇನೂ ಅಲ್ಲ. 2012ರಲ್ಲಿ ನಮ್ಮೂರಿನದೇ ಹಳೆಯ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತದ್ದು ಊರಿನವರಿಗೆಲ್ಲ ನೆನಪಿತ್ತು. ನಾವು ಕರಾರು ಮಾಡಿಕೊಳ್ಳುವ ಕೆಲವೇ ವಾರಗಳ ಮೊದಲು, 2016ರ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿದ್ದಿತ್ತು. ಆದ್ದರಿಂದ ಎಲ್ಲರೂ ತಲೆಯೆತ್ತಿ ಛಾವಣಿಯನ್ನೇ ನೋಡಿದೆವು. ಎಂಜಿನಿಯರ್ ಒಬ್ಬರನ್ನು ಕರೆಸಿ ಪ್ರತಿಯೊಂದು ತೊಲೆಯನ್ನೂ ಗೋಡೆಯೊಳಗೆ ಸೇರುವ ತುದಿಯಲ್ಲಿ ಚುಚ್ಚಿ ನೋಡಿಸಿದೆವು, ಗೆದ್ದಲು ಹಿಡಿದಿದ್ದ ಎರಡನ್ನು ಬದಲಾಯಿಸಿದೆವು, ತಾರಸಿಯ ಮೇಲೆ ಬೇರು ಬಿಟ್ಟಿದ್ದ ಅರಳಿ ಗಿಡವನ್ನು ಕೀಳಿಸಿದೆವು. ಕೆಳಗೆ ನೆಲದಿಂದ ಮೂರಡಿ ಎತ್ತರದವರೆಗೆ ಗೋಡೆಯ ಗಾರೆ ಪುಡಿಪುಡಿಯಾಗಿ ಉದುರುತ್ತಿದ್ದದ್ದನ್ನು ವಯಸ್ಸಿನ ದೋಷವೆಂದು ಭಾವಿಸಿದೆವು.

ಇಲ್ಲಿಂದ ಮುಂದಿನದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬೇಸರಪಡಬೇಡಿ. ಹಳೆಯ ಮನೆಗಳ ತಳಪಾಯದಲ್ಲಿ ಈಗಿನವುಗಳಂತೆ ತೇವವನ್ನು ತಡೆಯುವ ಪದರ ಸಾಮಾನ್ಯವಾಗಿ ಇರುವುದಿಲ್ಲ. ಬತ್ತಿ ಎಣ್ಣೆಯನ್ನು ಹೀರುವಂತೆ ಇಟ್ಟಿಗೆಯ ಗೋಡೆ ನೆಲದ ನೀರನ್ನು ಮೇಲಕ್ಕೆ ಹೀರುತ್ತದೆ, ಆ ನೀರಿನೊಂದಿಗೆ ಮಣ್ಣಿನ ಉಪ್ಪೂ ಏರುತ್ತದೆ. ಕಟ್ಟಿದವರು ಇದನ್ನು ಅರಿಯದವರಲ್ಲ. ಅವರು ಹಚ್ಚಿದ್ದ ಸುಣ್ಣದ ಗಾರೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುವುದರಿಂದ ಏರಿದ ನೀರು ಮೂರು ನಾಲ್ಕು ಅಡಿಯೊಳಗೆ ಗಾಳಿಗೆ ಆವಿಯಾಗಿ ಹೋಗುತ್ತದೆ, ಉಪ್ಪು ಗಾರೆಯ ಮೈಮೇಲೆ ಬಿಳಿಯ ಹುಡಿಯಾಗಿ ಉಳಿಯುತ್ತದೆ, ಗಾರೆ ನಿಧಾನವಾಗಿ ಸವೆಯುತ್ತದೆ, ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಆ ಕೆಳಭಾಗಕ್ಕೆ ಮಾತ್ರ ಹೊಸ ಗಾರೆ ಹಚ್ಚಿ ಸುಣ್ಣ ಬಳಿಯುತ್ತಾರೆ. ಅಂದರೆ ಗೋಡೆಯನ್ನು ಉಳಿಸುವುದಕ್ಕಾಗಿ ತಾನು ಸವೆಯುವುದೇ ಆ ಗಾರೆಯ ಕೆಲಸ. ನಾವು ಅದನ್ನು ಇಟ್ಟಿಗೆ ಕಾಣುವವರೆಗೆ ಕೆತ್ತಿಸಿ, ಸಿಮೆಂಟ್ ಪ್ಲಾಸ್ಟರ್ ಮಾಡಿಸಿ, ಮೇಲೆ ಪುಟ್ಟಿ ಎಳೆಸಿ, ತೊಳೆಯಬಹುದಾದ ಪ್ಲಾಸ್ಟಿಕ್ ಎಮಲ್ಷನ್ ಹೊಡೆಸಿದೆವು. 2017ರ ಫೆಬ್ರವರಿಯಲ್ಲಿ ಗೋಡೆಗಳು ಹಾಲಿನಂತೆ ಬೆಳ್ಳಗೆ, ನುಣ್ಣಗೆ ಹೊಳೆಯುತ್ತಿದ್ದವು. ಒಟ್ಟು ಖರ್ಚು 1,80,000 ರೂಪಾಯಿ. ಅಗ್ಗವಾಯಿತೆಂದು ಮೇಸ್ತ್ರಿಗೆ ಶಾಲು ಹೊದಿಸಿದೆವು.

ಸಿಮೆಂಟು ಬಿಗಿ, ಅದರ ಮೇಲಿನ ಬಣ್ಣ ಇನ್ನೂ ಬಿಗಿ. ಹೊರಬರಲು ದಾರಿಯಿಲ್ಲದ ನೀರು ಗೋಡೆಯೊಳಗೇ ಇನ್ನಷ್ಟು ಮೇಲಕ್ಕೆ ಏರುತ್ತದೆ. ಮೊದಲು ಮೂರಡಿಗೆ ನಿಲ್ಲುತ್ತಿದ್ದ ತೇವ ನಮ್ಮಲ್ಲಿ ಐದೂವರೆ ಅಡಿಗೆ ಬಂತು. ಚಿತ್ರವನ್ನು ಕಣ್ಣಿನ ಮಟ್ಟಕ್ಕೆ ತೂಗುಹಾಕುವವರಿಗೆ ಐದೂವರೆ ಅಡಿ ಎಂದರೆ ಏನೆಂಬುದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಸಾಲದೆಂಬಂತೆ, ಧೂಳು ಬರುತ್ತದೆಂದು ಮೇಲಿನ ಗವಾಕ್ಷಿಗಳಿಗೆ ಗಾಜು ಹಾಕಿಸಿ ಮುಚ್ಚಿದ್ದೆವು.

ಆ ವರ್ಷದ ದಸರಾಕ್ಕೆ ಊರಿನ ಮನೆಗಳಿಂದ ಎರವಲು ತಂದ ಹದಿನಾಲ್ಕು ಮೈಸೂರು ಶೈಲಿಯ ಚಿತ್ರಗಳನ್ನು ಪ್ರದರ್ಶನಕ್ಕೆ ಇಟ್ಟೆವು. ಅವುಗಳ ಒಳಗೇನಿದೆ ಎಂದು ಯೋಚಿಸಿ: ಹಲಗೆಗೆ ಅಂಟಿಸಿದ ಕಾಗದ, ಸಫೇದದ (ಸೀಸದ ಬಿಳಿ ಬಣ್ಣದ) ಪುಡಿಯನ್ನು ರೇವಣಚಿನ್ನಿ ಎಂಬ ಮರದ ಹಳದಿ ಹಾಲು ಮತ್ತು ಅಂಟಿನೊಂದಿಗೆ ಅರೆದು ಒಡವೆ, ಪ್ರಭಾವಳಿಗಳ ಜಾಗದಲ್ಲಿ ಉಬ್ಬಿಸಿದ ಕೆಲಸ, ಅದರ ಮೇಲೆ ಚಿನ್ನದ ರೇಕು. ಕಾಗದವೂ ಅಂಟೂ ತೇವ ಕುಡಿದು ಹಿಗ್ಗುತ್ತವೆ, ಬೂಷ್ಟಿಗೆ ಆಹಾರವೂ ಆಗುತ್ತವೆ. ಗಾಳಿಯ ತೇವಾಂಶ ಶೇಕಡ 65 ದಾಟಿ ದಿನಗಟ್ಟಲೆ ಹಾಗೆಯೇ ನಿಂತರೆ ಬೂಷ್ಟು ಹಿಡಿಯುವ ಭಯವಿದೆ. ನಮ್ಮ ಚೌಕಟ್ಟುಗಳಂತೂ ಒದ್ದೆ ಗೋಡೆಗೆ ಬೆನ್ನು ಅಂಟಿಸಿಕೊಂಡೇ ಇದ್ದವು.

ಅಕ್ಟೋಬರ್‌ನಲ್ಲಿ ನಾಲ್ಕು ದಿನ ಬಿಡದೆ ಮಳೆ ಸುರಿದ ಮೇಲೆ ಒಂದು ಬೆಳಿಗ್ಗೆ ಬಾಗಿಲು ತೆರೆದಾಗ ಮೊದಲು ವಾಸನೆ ಬಂತು, ನೆನೆದ ಗೋಣಿಚೀಲದ ವಾಸನೆ. ಬಣ್ಣ ಅಲ್ಲಲ್ಲಿ ಹಪ್ಪಳದಂತೆ ಉಬ್ಬಿತ್ತು; ಬೆರಳಿನಿಂದ ಒತ್ತಿದರೆ ಒಡೆದು ಒಳಗಿನಿಂದ ಉಪ್ಪಿನ ಹುಡಿ ಉದುರಿತು. ರಾಜರಾಜೇಶ್ವರಿಯ ಚಿತ್ರವೊಂದರ ಗಾಜಿನ ಒಳಮೈಯಲ್ಲಿ ಮಂಜು ಕಟ್ಟಿತ್ತು. ದೇವಿಯ ಎಡ ಭುಜದ ಬಳಿ ಬೂದು ಬಣ್ಣದ ಚುಕ್ಕಿಗಳು, ಕಿರೀಟದ ಉಬ್ಬು ಕೆಲಸ ಕಾಗದದಿಂದ ಎದ್ದು, ರೇಕಿನ ಒಂದು ಚೂರು ಚೌಕಟ್ಟಿನ ಕೆಳಗಂಚಿನಲ್ಲಿ ಬಿದ್ದಿತ್ತು. ಹದಿನಾಲ್ಕರಲ್ಲಿ ಐದು ಚಿತ್ರಗಳಿಗೆ ಹಾನಿಯಾಗಿತ್ತು. ಆ ದೇವಿಯ ಚಿತ್ರ ಕೊಟ್ಟಿದ್ದ ಅಜ್ಜಿಗೆ ಅವರ ಅತ್ತೆಯಿಂದ ಬಂದದ್ದು. ಅವರು ಬೈಯಲಿಲ್ಲ. "ಅಡುಗೆಮನೆ ಪಕ್ಕದ ಗೋಡೇಲಿ ಅರವತ್ತು ವರ್ಷ ಹೊಗೆ ಕುಡ್ಕೊಂಡು ಇತ್ತಪ್ಪ, ಏನೂ ಆಗಿರಲಿಲ್ಲ. ನಿಮ್ಮಲ್ಲಿ ಮೂರು ವಾರಕ್ಕೆ ಹಿಂಗಾಯ್ತಲ್ಲ" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಸಂರಕ್ಷಣೆಯ ತಜ್ಞರೊಬ್ಬರು ಎಂಟು ತಿಂಗಳು ತೆಗೆದುಕೊಂಡು ನಾಲ್ಕು ಚಿತ್ರಗಳನ್ನು ಉಳಿಸಿಕೊಟ್ಟರು. ಅಜ್ಜಿಯ ಚಿತ್ರದ ಬೂದು ಕಲೆ ಪೂರ್ತಿಯಾಗಿ ಹೋಗಲಿಲ್ಲ.

ಸರಿಪಡಿಸಲು ಎರಡು ವರ್ಷ ಹಿಡಿಯಿತು. ಸಿಮೆಂಟನ್ನೆಲ್ಲ ಕೀಳುವಾಗ ಅದರೊಂದಿಗೆ ಹಳೆಯ ಇಟ್ಟಿಗೆಗಳ ಮುಖವೂ ಕಿತ್ತು ಬಂತು. ಗೋಡೆ ಒಣಗಲು ದಪ್ಪದ ಇಂಚಿಗೊಂದು ತಿಂಗಳು ಎಂಬ ಅಂದಾಜಿನಂತೆ ವರ್ಷಕ್ಕೂ ಮೀರಿ ಬರಿಯ ಇಟ್ಟಿಗೆಯಾಗಿಯೇ ಬಿಟ್ಟೆವು. ಸುಣ್ಣದ ಕೆಲಸ ಬಲ್ಲ ಹಿರಿಯ ಮೇಸ್ತ್ರಿಯೊಬ್ಬರು ಪಕ್ಕದ ತಾಲ್ಲೂಕಿನಲ್ಲಿ ಸಿಕ್ಕಿದರು. ಹಿತ್ತಲಿನಲ್ಲಿ ಗುಂಡಿ ತೋಡಿಸಿ ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲಿ ಅರಳಿಸಿ, ಮರಳು ಮತ್ತು ಇಟ್ಟಿಗೆ ಪುಡಿ ಬೆರೆಸಿ, ಅಳಲೆಕಾಯಿ ನೆನೆಸಿದ ನೀರು ಮತ್ತು ಬೆಲ್ಲದ ನೀರಿನಲ್ಲಿ ಕಲಸಿ, ಕರಣೆಯಿಂದ ತೆಳುವಾದ ಮೂರು ಪದರಗಳಲ್ಲಿ ಹಚ್ಚಿದರು. ಸುಣ್ಣದ ಗಾರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಗಟ್ಟಿಯಾಗುತ್ತದೆಯಾದ್ದರಿಂದ ಅವಸರ ಮಾಡುವಂತಿಲ್ಲ. ಬಿಸಿಲಿಗೆ ಬೇಗ ಒಣಗದಂತೆ ಒದ್ದೆ ಗೋಣಿ ಇಳಿಬಿಟ್ಟು ಕಾಯಬೇಕು. ಬಣ್ಣವಿಲ್ಲ, ಬರಿಯ ಸುಣ್ಣ. ಗವಾಕ್ಷಿಗಳ ಗಾಜು ತೆಗೆಸಿ ಸಣ್ಣ ಕಣ್ಣಿನ ಜಾಲರಿ ಹಾಕಿಸಿದೆವು. ಈ ಎಲ್ಲ ಖರ್ಚು, ಚಿತ್ರಗಳ ದುರಸ್ತಿಯೂ ಸೇರಿ, ಸುಮಾರು ಐದೂವರೆ ಲಕ್ಷ.

ಈಗ ನಿಮ್ಮ ಪ್ರಶ್ನೆ. ಸಂಕೀರ್ಣವೋ ಮನೆಯೋ ಎಂದು ತೂಗಿ ನೋಡುವ ಮೊದಲು, ನಿಮ್ಮ ಗ್ಯಾಲರಿ ಬೆಳೆದಿದೆ ಎನ್ನುವಾಗ ಬೆಳೆದಿರುವುದು ಏನೆಂದು ನೀವು ಬರೆದೇ ಇಲ್ಲ. ನಮ್ಮಲ್ಲಿ ಬೆಳೆದದ್ದು ಭಾನುವಾರದ ಮಕ್ಕಳು ಮತ್ತು ಚಿತ್ರಗಳ ಕಟ್ಟುಗಳು. ಮಕ್ಕಳಿಗೆ ನೆಲ ಒದ್ದೆಯಾದರೂ ಪರವಾಗಿಲ್ಲದ ಒಂದು ಜಾಗ, ಕಟ್ಟುಗಳಿಗೆ ಒಣಗಿದ ಒಂದು ಕೋಣೆ ಸಾಕಾಗಿತ್ತು. ನಾವು ತೆಗೆದುಕೊಂಡದ್ದು ಎತ್ತರದ ಹಜಾರ. ಹೊಳೆಯುವ ಗೋಡೆಗಳ ನಡುವೆ ಮಕ್ಕಳು ಬಣ್ಣ ಚೆಲ್ಲುತ್ತಾರೆಂದು ನಾವೇ ಗದರಿಸತೊಡಗಿ, ಮೊದಲ ವರ್ಷದಲ್ಲೇ ಎಪ್ಪತ್ತು ಮಕ್ಕಳು ಮೂವತ್ತಾದರು. ನಿಮ್ಮಲ್ಲೂ ಬೆಳೆದಿರುವುದು ತರಗತಿಯೇ ಆಗಿದ್ದರೆ ಎರಡು ಜಾಗವೂ ಬೇಡ, ಹತ್ತಿರದ ಶಾಲೆಯೊಂದರ ಕೋಣೆಯನ್ನು ಭಾನುವಾರಕ್ಕೆ ಕೇಳಿ ಎಂದೇ ನಾನು ಹೇಳುವುದು.

ಇಷ್ಟಾದರೂ ಹಳೆಯ ಮನೆಗೇ ಹೋಗುತ್ತೀರೆಂದು ನನಗೆ ಗೊತ್ತು, ನಾನಾಗಿದ್ದರೂ ಹೋಗುತ್ತಿದ್ದೆ. ಹಾಗಿದ್ದರೆ ದಸರಾ ಉದ್ಘಾಟನೆಯನ್ನು ಮರೆತುಬಿಡಿ. ಒಂದು ಇಡೀ ಮಳೆಗಾಲ ಆ ಗೋಡೆಗಳಿಗೆ ಏನನ್ನೂ ಹಚ್ಚದೆ, ಒಂದು ಮೊಳೆಯನ್ನೂ ಹೊಡೆಯದೆ, ಖಾಲಿ ಇಟ್ಟು ನೋಡಿ. ತೇವಾಂಶ ತೋರಿಸುವ ಪುಟ್ಟ ಡಿಜಿಟಲ್ ಮೀಟರ್ ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಕೋಣೆಗೊಂದು ಇಟ್ಟು ಬೆಳಿಗ್ಗೆ ಸಂಜೆ ಅಂಕಿಗಳನ್ನು ಬರೆದಿಡಿ. ಗೋಡೆಯಲ್ಲಿ ತೇವ ಎಲ್ಲಿಯವರೆಗೆ ಏರಿದೆ ಎಂದು ವಾರಕ್ಕೊಮ್ಮೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ತಾರಸಿಯ ನೀರು ಗೋಡೆಯ ಬುಡಕ್ಕೇ ಬೀಳುತ್ತಿದ್ದರೆ ಮೊದಲು ಅದನ್ನು ದೂರ ಹರಿಸಿ, ಅರ್ಧ ಕಾಯಿಲೆ ಅಲ್ಲಿಯೇ ವಾಸಿಯಾಗುತ್ತದೆ. ವೈರಿಂಗ್‌ಗಾಗಿ ಗೋಡೆ ಕೊರೆಯಲು ಬಿಡಬೇಡಿ, ಮೇಲ್ಮೈಯಲ್ಲೇ ಪೈಪಿನಲ್ಲಿ ಹೋಗಲಿ. ಚಿತ್ರಗಳನ್ನು ಮೇಲಿನ ಮರದ ಪಟ್ಟಿಯಿಂದ ತಂತಿಯಲ್ಲಿ ಇಳಿಬಿಟ್ಟು, ಚೌಕಟ್ಟಿನ ಹಿಂದಿನ ನಾಲ್ಕು ಮೂಲೆಗೂ ಕಾರ್ಕಿನ ಬಿಲ್ಲೆ ಅಂಟಿಸಿದರೆ ನಡುವೆ ಗಾಳಿ ಆಡುತ್ತದೆ. ಕಾಗದದ ಮೇಲಿನ ಕೆಲಸಕ್ಕೆ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಮೇಲ್ಮೈಗೆ ಬೀಳುವ ಬೆಳಕಿನ ಅಳತೆ) ಹೆಚ್ಚು ಬೆಳಕು ಬೇಡ. ಹಳೆಯ ಮನೆಯ ನಸುಬೆಳಕು ಇದೊಂದು ವಿಷಯದಲ್ಲಿ ನಿಮಗೆ ಅನುಕೂಲವೇ.

ಹನ್ನೊಂದು ತಿಂಗಳ ಕರಾರಿಗಂತೂ ಖಂಡಿತ ಸಹಿ ಹಾಕಬೇಡಿ. ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕಾಗಿರುವುದರಿಂದ ಆ ಖರ್ಚು ಉಳಿಸಲು ಎಲ್ಲರೂ ಹನ್ನೊಂದು ತಿಂಗಳಿಗೆ ಬರೆಸುತ್ತಾರೆ. ಒಣಗುವುದಕ್ಕೇ ವರ್ಷ ಬೇಡುವ ಗೋಡೆಗೆ ಹನ್ನೊಂದು ತಿಂಗಳ ಕರಾರಿನಲ್ಲಿ ಹಣ ಸುರಿಯುವುದು ಹುಚ್ಚುತನ. ಒಂಬತ್ತು ವರ್ಷಕ್ಕಾದರೂ ನೋಂದಾಯಿಸಿ, ಗೋಡೆ ಛಾವಣಿಗಳ ರಿಪೇರಿ ಯಾರದು ಎಂಬುದನ್ನು ಅದರಲ್ಲೇ ಬರೆಸಿ. ಕಟ್ಟಡ ಪಾರಂಪರಿಕ ಪಟ್ಟಿಯಲ್ಲಿದ್ದರೆ ಯಾವ ಕೆಲಸಕ್ಕೆ ಅನುಮತಿ ಬೇಕು ಎಂದು ಪಾಲಿಕೆಯಲ್ಲಿ ಮೊದಲೇ ಲಿಖಿತವಾಗಿ ಕೇಳಿಕೊಳ್ಳಿ. ಮಾಲೀಕರು ಇದಕ್ಕೆಲ್ಲ ಒಪ್ಪದಿದ್ದರೆ ಸಂಕೀರ್ಣದ ಮೊದಲ ಮಹಡಿಯೇ ಲೇಸು, ಅಲ್ಲಿ ಕನಿಷ್ಠ ನೆಲದ ನೀರು ಏರಿ ಬರುವುದಿಲ್ಲ.

ದಸರಾಕ್ಕೆ ಏನಾದರೂ ಮಾಡಲೇಬೇಕೆಂದಿದ್ದರೆ ಪ್ರದರ್ಶನವನ್ನು ಈಗಿರುವ ಜಾಗದಲ್ಲೇ ಇಡಿ. ಹೊಸ ಮನೆಯ ಜಗಲಿಯಲ್ಲಿ ಜಮಖಾನ ಹಾಸಿ ಮಕ್ಕಳಿಂದ ಆ ಮನೆಯ ಚಿತ್ರವನ್ನೇ ಬರೆಸಿ. ಎರವಲು ತಂದ ಯಾವುದನ್ನೂ ಸದ್ಯಕ್ಕೆ ಆ ಬಾಗಿಲಿನೊಳಗೆ ತೆಗೆದುಕೊಂಡು ಹೋಗಬೇಡಿ.